ಒಂದು ತೊಟ್ಟಿ ಮನೆ, ಒಂದು ಲಾಟೀನು, ಒಂಬತ್ತು ಜನ: 1918ರ ದೆವ್ವದ ಕಿರುಚಿತ್ರ ಮಾಡುವ ಬಗೆ

ರಾತ್ರಿ ಹೊತ್ತು ಯಾರಾದರೂ ಹೆಸರು ಹಿಡಿದು ಕೂಗಿದರೆ ಒಂದೇ ಕೂಗಿಗೆ ಓಗೊಡಬಾರದು ಅನ್ನುವ ಮಾತನ್ನು ನಮ್ಮ ಮಂಡ್ಯ ಸೀಮೆಯಲ್ಲಿ ಬೆಳೆದವರು ಯಾವುದಾದರೂ ಅಜ್ಜಿಯ ಬಾಯಲ್ಲಿ ಕೇಳಿಯೇ ಇರುತ್ತಾರೆ. ಮನುಷ್ಯರಾದರೆ ಮೂರನೇ ಸಲವೂ ಕೂಗುತ್ತಾರೆ, ಬೇರೆಯದಾದರೆ ಎರಡಕ್ಕೇ ನಿಲ್ಲಿಸುತ್ತದೆ ಎಂಬುದು ಲೆಕ್ಕ. ನಮ್ಮ ಕೊನೆಯ ಕಿರುಚಿತ್ರ ಹುಟ್ಟಿದ್ದು ಈ ಮಾತಿನಿಂದ. ಇನ್‌ಫ್ಲುಯೆಂಜಾ ಜ್ವರ ಮೈಸೂರು ಸಂಸ್ಥಾನದ ಊರೂರಿಗೂ ನುಗ್ಗಿದ 1918ರ ವರ್ಷ. ತೊಟ್ಟಿ ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ಅಪ್ಪನನ್ನು ಮಣ್ಣು ಮಾಡಿ ಆರು ದಿನವಾಗಿದೆ. ಬೀದಿ ಬಾಗಿಲಲ್ಲಿ ಅವನ ದನಿ ಕೂಗುತ್ತದೆ, ಒಂದು ಸಲ, ಎರಡು ಸಲ. ಆಮೇಲೆ ಮೂರನೇ ಸಲವೂ ಕೂಗುತ್ತದೆ.

ಕಥೆ ಇಷ್ಟೇ, ಒಂಬತ್ತು ನಿಮಿಷ. ಇದನ್ನು ಸಂಬಳವಿಲ್ಲದೆ ಬಂದ ಒಂಬತ್ತು ಜನರ ಜೊತೆ ಮೂರು ದಿನದಲ್ಲಿ ಚಿತ್ರೀಕರಿಸಿದ ಕ್ರಮವನ್ನೇ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ನಿಮ್ಮ ಕಥೆ ಬೇರೆಯಾದರೂ ಕ್ರಮ ಹೆಚ್ಚು ಬದಲಾಗದು.

ಹಂತ 1: ಮನೆ ಸಿಕ್ಕ ಮೇಲೆ ಕಥೆ ಬರೆಯಿರಿ

ಕಥೆ ಬರೆದುಕೊಂಡು ಆಮೇಲೆ ಅದಕ್ಕೆ ತಕ್ಕ ಮನೆ ಹುಡುಕಲು ಹೊರಟವರು ಆರು ತಿಂಗಳು ಅಲೆಯುತ್ತಾರೆ. ಮೊದಲು ಮನೆ ನೋಡಿ. ನಾಗಮಂಗಲ, ಪಾಂಡವಪುರ, ಮೇಲುಕೋಟೆ, ಶ್ರೀರಂಗಪಟ್ಟಣದ ಕಡೆ ಕಂಬದ ಕೈಸಾಲೆ ಇರುವ ತೊಟ್ಟಿ ಮನೆಗಳು ಇನ್ನೂ ಉಳಿದಿವೆ. ಮನೆಯವರು ಮೈಸೂರಿಗೋ ಬೆಂಗಳೂರಿಗೋ ಹೋಗಿ ಬೀಗ ಹಾಕಿರುವ ಮನೆಗಳೂ ಇವೆ. ನಿಮ್ಮ ಬಳಗದಲ್ಲೇ ವಿಚಾರಿಸಿ, ಒಬ್ಬರ ಅಜ್ಜಿಯ ಮನೆ ಸಿಕ್ಕೇ ಸಿಗುತ್ತದೆ.

ಆ ಮನೆಯಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ ಸುಮ್ಮನೆ ಕುಳಿತುಕೊಳ್ಳಿ. ಯಾವ ಬಾಗಿಲು ಕಿರ್ರೆನ್ನುತ್ತದೆ, ಅಟ್ಟದ ಮೆಟ್ಟಿಲಿಂದ ಏನು ಕಾಣುತ್ತದೆ, ನಡುಮನೆಯಲ್ಲಿ ನಿಂತವರಿಗೆ ಬೀದಿ ಬಾಗಿಲು ಎಷ್ಟು ದೂರ ಎಂಬುದನ್ನೆಲ್ಲ ಬರೆದುಕೊಳ್ಳಿ. ನಮ್ಮ ಮನೆಯ ಬೀದಿ ಬಾಗಿಲಿಗೆ ಮರದ ಅಗುಳಿ ಇತ್ತು. ಅದನ್ನು ಸರಿಸುವಾಗಿನ ಸದ್ದು ಕೇಳಿದ ಕೂಡಲೇ ಚಿತ್ರದ ಕೊನೆಯ ದೃಶ್ಯ ತಾನಾಗಿ ಹೊಳೆಯಿತು.

ಚಿತ್ರಕಥೆಯ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂದು ಲೆಕ್ಕ ಹಿಡಿದು ಎಂಟು, ಒಂಬತ್ತು ಪುಟಕ್ಕೆ ನಿಲ್ಲಿಸಿ. ಪಾತ್ರ ಎರಡು ಅಥವಾ ಮೂರು. ಜಾತ್ರೆ, ಸಂತೆ, ಎತ್ತಿನ ಗಾಡಿಯ ಮೆರವಣಿಗೆ ಬೇಡ. ಇನ್ನೊಂದು ಮಾತು: ಊರ ಮಾರಮ್ಮನನ್ನು ದೆವ್ವ ಮಾಡಬೇಡಿ. ಬಿಳಿ ಸೀರೆಯ ವಿಧವೆಯನ್ನು ಹೆದರಿಕೆಯ ಗೊಂಬೆ ಮಾಡಬೇಡಿ. ಆ ಕಾಲದ ವಿಧವೆಯರು ಪಟ್ಟ ಪಾಡೇ ಸಾಕಷ್ಟಿತ್ತು.

ಹಂತ 2: ಇಸವಿಯನ್ನು ಗಟ್ಟಿಯಾಗಿ ಹಿಡಿಯಿರಿ

'ಹಳೇ ಕಾಲ' ಎಂದು ಬರೆದುಕೊಂಡರೆ ಕೆಲಸ ಕೆಡುತ್ತದೆ. ಒಂದು ಇಸವಿ ಗೊತ್ತುಮಾಡಿ, ಪ್ರತಿಯೊಂದು ವಸ್ತುವನ್ನೂ ಅದರ ಎದುರು ನಿಲ್ಲಿಸಿ ಕೇಳಿ: ನೀನು ಆಗ ಇದ್ದೆಯಾ?

ಮಂಡ್ಯ ಅಂದರೆ ಕಬ್ಬು ಅನ್ನುವುದು ನಮ್ಮ ಕಣ್ಣಿಗೆ ರೂಢಿಯಾಗಿಬಿಟ್ಟಿದೆ. ಆದರೆ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಮುಗಿದದ್ದು 1930ರ ದಶಕದ ಆರಂಭದಲ್ಲಿ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆಯೇ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದದ್ದು, 1933ರಲ್ಲಿ. ಅದಕ್ಕೂ ಹಿಂದೆ ನದಿಯ ಹಳೇ ಅಣೆಕಟ್ಟೆ ಕಾಲುವೆಗಳ ಬದಿ ಬಿಟ್ಟರೆ ಈ ಸೀಮೆಯ ಬಹುಪಾಲು ರಾಗಿ, ಹುರುಳಿಯ ಹೊಲ. ಹಾಗಾಗಿ 1918ರ ಕಥೆಯಲ್ಲಿ ದಿಗಂತದವರೆಗೆ ಕಬ್ಬಿನ ಗದ್ದೆ ತೋರಿಸಿದರೆ ತಪ್ಪು. ನಾವು ಹೊರಗಿನ ಎರಡೇ ಶಾಟುಗಳನ್ನು ನಾಗಮಂಗಲದ ಕಡೆಯ ರಾಗಿ ಹೊಲದಲ್ಲಿ ತೆಗೆದೆವು.

ಇನ್ನೊಂದು ಬೇಲಿ ಸಾಲಿನಲ್ಲಿ ಬೆಳೆಯುವ ಪಾರ್ಥೇನಿಯಂ. ನಾವು ಕಾಂಗ್ರೆಸ್ ಗಿಡ ಅನ್ನುವ ಈ ಕಳೆ ಭಾರತದಲ್ಲಿ ಹರಡಿದ್ದೇ 1950ರ ದಶಕದ ನಡುವಿನಿಂದ ಈಚೆಗೆ. ಶಾಟಿನ ಮುಂಭಾಗದಲ್ಲಿ ಅದರ ಬಿಳಿ ಹೂ ಕಂಡರೆ ಬಲ್ಲವರಿಗೆ ಕಥೆಯೇ ಕಳಚಿ ಬೀಳುತ್ತದೆ. ಕೈಗೆ ಗ್ಲೌಸು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಕಿತ್ತುಹಾಕಿ, ಅಲರ್ಜಿ ಇದ್ದವರನ್ನು ದೂರ ಇಡಿ.

ಕಾಗದಪತ್ರವೂ ಹಾಗೆಯೇ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ, ಆದ್ದರಿಂದ 1918ರ ಪತ್ರದ ವಿಳಾಸದಲ್ಲಿ 'ಮೈಸೂರು ಜಿಲ್ಲೆ' ಎಂದಿರಬೇಕು. ದುಡ್ಡು ರೂಪಾಯಿ, ಆಣೆ, ಕಾಸಿನ ಲೆಕ್ಕದಲ್ಲಿ: ರೂಪಾಯಿಗೆ 16 ಆಣೆ. ನೂರು ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್‌ನಲ್ಲಿ. ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ತು 1902ರಲ್ಲೇ ಹೋಯಿತು, ಆದರೆ ಹಳ್ಳಿಯ ಮನೆಗಳಲ್ಲಿ ಆಗ ಉರಿಯುತ್ತಿದ್ದದ್ದು ಹರಳೆಣ್ಣೆ ದೀಪ, ಸೀಮೆಎಣ್ಣೆ ಬುಡ್ಡಿ, ಇದ್ದವರ ಮನೆಯಲ್ಲಿ ಲಾಟೀನು. ಆದ್ದರಿಂದ ಲೈಟು ಕಂಬ, ವೈರು, ಮೀಟರ್ ಬೋರ್ಡು ಯಾವುದೂ ಚೌಕಟ್ಟಿನೊಳಗೆ ಬರಬಾರದು. ಸ್ವಿಚ್ ಬೋರ್ಡಿನ ಮೇಲೆ ಮೊರವನ್ನೋ ಜರಡಿಯನ್ನೋ ನೇತುಹಾಕಿ, ನೈಲಾನ್ ಹಗ್ಗ ತೆಗೆದು ಕತ್ತಾಳೆ ಹಗ್ಗ ಕಟ್ಟಿ, ಸ್ಟೀಲ್ ಪಾತ್ರೆ ಅಟ್ಟಕ್ಕೆ ಹಾಕಿ.

ಎಲ್ಲರೂ ಮಾಡುವ ತಪ್ಪೊಂದಿದೆ. ಹಳೇ ಕಾಲದ ಮನೆ ಎಂದ ಕೂಡಲೇ ಎಲ್ಲಕ್ಕೂ ಧೂಳು, ತುಕ್ಕು, ಕಿಲುಬು ಹಚ್ಚುತ್ತಾರೆ. 1918ರಲ್ಲಿ ಆ ಮನೆ ಬದುಕಿದ್ದ ಮನೆ. ಹಿತ್ತಾಳೆ ಬಿಂದಿಗೆಯನ್ನು ಹುಣಸೆಹಣ್ಣು, ಬೂದಿ ಹಾಕಿ ದಿನಾ ಬೆಳಗುತ್ತಿದ್ದರು, ನೆಲ ಸಗಣಿಯಲ್ಲಿ ಸಾರಿಸುತ್ತಿದ್ದರು, ಹೊಸ್ತಿಲಿಗೆ ಅರಿಶಿನ ಕುಂಕುಮ ಇರುತ್ತಿತ್ತು. ನಾವು ಎಲ್ಲವನ್ನೂ ಬೆಳಗಿ ಇಟ್ಟು, ಸಾವಾದ ಮೇಲಿನ ಆರು ದಿನದ ಕಸವನ್ನಷ್ಟೇ ಬಿಟ್ಟೆವು: ತೊಳೆಯದ ಒಂದು ತಟ್ಟೆ, ಆರಿದ ಒಲೆ, ಮಡಿಸದ ಕಂಬಳಿ. ಅಚ್ಚುಕಟ್ಟಾದ ಮನೆಯಲ್ಲಿ ಆ ಕಂಬಳಿ ನೋಡಿದರೆ ಜೇಡರ ಬಲೆಗಿಂತ ಹೆಚ್ಚು ಭಯವಾಗುತ್ತದೆ.

ವಸ್ತುಗಳು ಹೇಗಿದ್ದವೆಂದು ನೋಡಲು ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯ ಒಳ್ಳೆಯ ಜಾಗ. ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ.

ಹಂತ 3: ಜನ

ಸಂಬಳ ಕೊಡದಿದ್ದಾಗ ನೀವು ಖರ್ಚು ಮಾಡುತ್ತಿರುವುದು ಬೇರೆಯವರ ಸಮಯ. ಅದನ್ನು ನಿಮ್ಮ ಜೇಬಿನ ದುಡ್ಡಿಗಿಂತ ಎಚ್ಚರದಿಂದ ಖರ್ಚು ಮಾಡಬೇಕು.

ಮೊದಲು ಯಾರು ಬೇಕು ಎಂದು ಪಟ್ಟಿ ಮಾಡಿ. ನಮ್ಮಲ್ಲಿ ನಿರ್ದೇಶನ, ಕ್ಯಾಮೆರಾ, ಲೈಟು, ಸೌಂಡು, ಸಹ ನಿರ್ದೇಶನ, ಕಂಟಿನ್ಯುಟಿ (ಒಂದು ಶಾಟಿನಿಂದ ಇನ್ನೊಂದಕ್ಕೆ ಏನೂ ಬದಲಾಗದಂತೆ ನೋಡಿಕೊಳ್ಳುವುದು), ಬಟ್ಟೆ ಮತ್ತು ಸಾಮಾನು, ಊಟ ಮತ್ತು ಓಡಾಟ, ಕೊನೆಗೆ ಬೆಂಕಿ ನೋಡಿಕೊಳ್ಳುವವರು. ಇದರಲ್ಲಿ ಬಿಡಲೇಬಾರದ ಇಬ್ಬರು ಸಹ ನಿರ್ದೇಶಕ ಮತ್ತು ಬೆಂಕಿ ನೋಡಿಕೊಳ್ಳುವವರು. ನಿರ್ದೇಶಕರೇ ಗಡಿಯಾರವನ್ನೂ ನೋಡುತ್ತೇನೆ ಎಂದರೆ ಎರಡೂ ಕೆಡುತ್ತವೆ.

ನಟರನ್ನು ಹುಡುಕಲು ದೂರ ಹೋಗಬೇಕಿಲ್ಲ. ಮಂಡ್ಯದ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಇನ್ನೂ ಜೀವಂತ. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಹಿಡಿದು ತಿಂಗಳುಗಟ್ಟಲೆ ಕಲಿಸಿದ ಕಲಾವಿದರಿಗೆ ಮಾತು ಮರೆಯುವುದಿಲ್ಲ, ರಾತ್ರಿ ನಿದ್ದೆಗೆಡುವುದೂ ಹೊಸದಲ್ಲ. ಒಂದೇ ತೊಡಕು, ದನಿ ಕೊನೆಯ ಸಾಲಿನವರಿಗೆ ಮುಟ್ಟುವಂತೆ ಬರುತ್ತದೆ. ಅದಕ್ಕೆ ನಾವು ಮಾಡಿದ ಅಭ್ಯಾಸ ಇದು: ಇಬ್ಬರನ್ನೂ ಮೊಣಕಾಲು ತಾಗುವಷ್ಟು ಹತ್ತಿರ ಕೂರಿಸಿ, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಎಂದುಕೊಂಡು ಪೂರ್ತಿ ಮಾತನ್ನು ಪಿಸುದನಿಯಲ್ಲಿ ಹೇಳಿಸಿದೆವು. ನಾಲ್ಕು ಸಂಜೆಯಲ್ಲಿ ಹಿಡಿತ ಬಂತು. ಮೈಸೂರಿನ ಹವ್ಯಾಸಿ ರಂಗತಂಡಗಳಲ್ಲಿ ಬೆಳಕು, ಪ್ರಸಾದನ ಬಲ್ಲವರು ಸಿಗುತ್ತಾರೆ.

ಮಾತನ್ನು ಸೀಮೆಯ ಭಾಷೆಯಲ್ಲೇ ಬರೆಯಿರಿ. 'ಬಾಗಿಲು ತೆರೆಯಬೇಡ, ಅದು ನಿನ್ನ ತಂದೆಯ ಧ್ವನಿಯಲ್ಲ' ಎಂದು ಬರೆದಿದ್ದ ಸಾಲನ್ನು ನಮ್ಮ ತಾಯಿಯ ಪಾತ್ರಧಾರಿ 'ಬಾಗ್ಲ ತಗೀಬ್ಯಾಡ ಕನಮ್ಮಿ, ಅದು ನಿಮ್ಮಪ್ಪನ ದನಿ ಅಲ್ಲ' ಅಂದರು. ಅಲ್ಲಿದ್ದವರೆಲ್ಲ ಗಪ್ಪಾದೆವು. ಮಾತೆಲ್ಲವನ್ನೂ ಊರಿನ ಹಿರಿಯರೊಬ್ಬರಿಗೆ ಓದಿ ಹೇಳಿ, ಅವರು ತಡೆದ ಕಡೆ ತಿದ್ದಿ.

ಬರುವ ಪ್ರತಿಯೊಬ್ಬರಿಗೂ ಒಂದು ಪುಟದ ಕಾಗದ ಕೊಡಿ: ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ, ಊಟ ಮತ್ತು ಬಸ್ಸು ಚಾರ್ಜು ಯಾರದು, ಹೆಸರು ಚಿತ್ರದಲ್ಲಿ ಹೇಗೆ ಬರುತ್ತದೆ, ಚಿತ್ರದಿಂದ ದುಡ್ಡು ಬಂದರೆ ಹೇಗೆ ಹಂಚಿಕೊಳ್ಳುತ್ತೀರಿ. ಹತ್ತು ಗಂಟೆಗಿಂತ ಹೆಚ್ಚು ಕೆಲಸ ಬೇಡ. ಒಂದು ದಿನ ಮುಗಿದು ಇನ್ನೊಂದು ದಿನ ಶುರುವಾಗಲು ಕನಿಷ್ಠ ಹನ್ನೊಂದು ಗಂಟೆ ಬಿಡುವಿರಲಿ. ನನ್ನ ಮೊದಲ ಚಿತ್ರದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಪ್ಯಾಕಪ್ ಮಾಡಿ ಹುಡುಗನೊಬ್ಬನನ್ನು ಬೈಕಿನಲ್ಲಿ ಮನೆಗೆ ಕಳಿಸಿಬಿಟ್ಟೆ. ತೂಕಡಿಸಿ ಬಿದ್ದ, ಕೈ ಮುರಿಯಿತು. ಅವತ್ತಿನಿಂದ ನಮ್ಮಲ್ಲಿ ರಾತ್ರಿ ಶೂಟಿಂಗ್ ಮಾಡಿದವರು ಯಾರೂ ಗಾಡಿ ಓಡಿಸುವುದಿಲ್ಲ, ಅಲ್ಲೇ ಚಾಪೆ ಹಾಸಿ ಮಲಗುತ್ತಾರೆ. ಹೆಣ್ಣುಮಕ್ಕಳಿಗೆ ಬೀಗ ಹಾಕುವ ಕೋಣೆ, ಶೌಚಾಲಯ ಇಲ್ಲದ ಮನೆಯಾದರೆ ಆ ಮನೆ ಬೇಡ.

ದಿನ ಗೊತ್ತುಮಾಡುವಾಗ ಪಂಚಾಂಗ ನೋಡಿ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲ. ಮದುವೆ ವಿಡಿಯೋ ಮಾಡುವ ಹುಡುಗರ ಕ್ಯಾಮೆರಾ, ಎಲ್‌ಇಡಿ ಲೈಟುಗಳು ಸುಮ್ಮನೆ ಕುಳಿತಿರುತ್ತವೆ, ಅವರಿಗೂ ಬೇರೆ ಥರದ ಕೆಲಸ ಮಾಡುವ ಆಸೆ ಇರುತ್ತದೆ. ಶಾಮಿಯಾನದವರ ಕಪ್ಪು ಬಟ್ಟೆಯೂ ಆಗ ಸುಲಭವಾಗಿ ಸಿಗುತ್ತದೆ. ನನ್ನ ಆಯ್ಕೆ ಧನುರ್ಮಾಸ. ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ರಾತ್ರಿ ಉದ್ದ, ಮಳೆಯ ಕಾಟ ಕಡಿಮೆ, ಕಾವೇರಿಯ ಬದಿಯಲ್ಲಿ ಬೆಳಿಗ್ಗೆ ಮಂಜು ದುಡ್ಡಿಲ್ಲದೆ ಸಿಗುತ್ತದೆ.

ಹಂತ 4: ಅನುಮತಿ

ಮನೆಯವರಿಂದ ದಿನಾಂಕ ಸಮೇತ ಬರೆಸಿಕೊಳ್ಳಿ. ಗ್ರಾಮ ಪಂಚಾಯಿತಿಗೂ ಪೊಲೀಸ್ ಠಾಣೆಗೂ ಒಂದೊಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ, ಅಕ್ಕಪಕ್ಕದ ಮನೆಯವರಿಗೆ ಬಾಯಲ್ಲೇ ಹೇಳಿ. ನಡುರಾತ್ರಿ ಹೆಣ್ಣುಮಗಳೊಬ್ಬಳ ಚೀರಾಟ ಕೇಳಿದರೆ ಊರವರು ದೊಣ್ಣೆ ಹಿಡಿದು ಬರುವುದು ಸಹಜ. ಶ್ರೀರಂಗಪಟ್ಟಣದ ದರಿಯಾ ದೌಲತ್, ಗುಂಬಜ್, ಸೋಮನಾಥಪುರದ ಗುಡಿ ಇವೆಲ್ಲ ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಮೊದಲೇ ಅರ್ಜಿ, ಶುಲ್ಕ, ಷರತ್ತು ಎಲ್ಲ ಇರುತ್ತವೆ, ನಮ್ಮಂಥವರಿಗೆ ಅದು ಬೇಕಿಲ್ಲ. ಡ್ರೋನ್ ಕೂಡ ಬೇಡ, ಮೇಲಿಂದ ನೋಡಿದರೆ ಎಲ್ಲ ಊರಲ್ಲೂ ಡಿಶ್ ಆಂಟೆನಾ ಕಾಣುತ್ತದೆ.

ಹಂತ 5: ಹಗಲಲ್ಲೇ ರಾತ್ರಿ

ಇಡೀ ಬರಹದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ. ತೊಟ್ಟಿ ಮನೆಯ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ ಇರುತ್ತದಲ್ಲ, ಅದೇ ನಿಮ್ಮ ಅತಿ ದೊಡ್ಡ ಲೈಟು.

ಬೀದಿ ಬಾಗಿಲು, ಹಿತ್ತಲ ಬಾಗಿಲು, ಕಿಟಕಿ, ಗವಾಕ್ಷಿ, ಹೆಂಚಿನ ಸಂದು ಎಲ್ಲವನ್ನೂ ಒಳಗಿಂದ ಕಪ್ಪು ಬಟ್ಟೆಯಲ್ಲಿ ಮುಚ್ಚಿ. ತೊಟ್ಟಿಯ ಮೇಲೆ ಮಾತ್ರ ಬಿಳಿ ಪಂಚೆಗಳನ್ನು ಎರಡು ಮೂರು ಪದರವಾಗಿ ಎಳೆದು ಕಟ್ಟಿ. ಬೆಳಕಿನ ಬಣ್ಣ ಅಳೆಯುವ ಲೆಕ್ಕದಲ್ಲಿ ಹಗಲ ಬೆಳಕು ಸುಮಾರು 5600 ಕೆಲ್ವಿನ್. ಯಾವ ಬೆಳಕನ್ನು ಬಿಳಿ ಎಂದು ಹಿಡಿಯಬೇಕೆಂದು ಕ್ಯಾಮೆರಾಗೆ ಹೇಳುವ ವೈಟ್ ಬ್ಯಾಲೆನ್ಸ್ ಅನ್ನು 3200ಕ್ಕೆ ಇಟ್ಟರೆ ತೊಟ್ಟಿಯಿಂದ ಇಳಿಯುವ ಬೆಳಕು ನೀಲಿಯಾಗಿ, ಬೆಳದಿಂಗಳಂತೆ ಕಾಣುತ್ತದೆ. ನಟರ ಕೈಯಲ್ಲಿರುವ ಲಾಟೀನಿನ ಬೆಳಕು ಅದರ ಪಕ್ಕದಲ್ಲಿ ಬೆಚ್ಚಗೆ ಉಳಿಯುತ್ತದೆ. ಎಕ್ಸ್‌ಪೋಷರ್ ಒಂದೂವರೆಯಿಂದ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಬಿಳಿ ಪಂಚೆ ಯಾವ ಶಾಟಿನಲ್ಲೂ ನೇರವಾಗಿ ಕಾಣಬಾರದು, ನೆಲದ ಮೇಲೆ ಬಿದ್ದ ಬೆಳಕಷ್ಟೇ ಕಾಣಬೇಕು. ನಟರನ್ನು ಕ್ಯಾಮೆರಾ ಮತ್ತು ತೊಟ್ಟಿಯ ನಡುವೆ ನಿಲ್ಲಿಸಿದರೆ ಬೆಳಕು ಅವರ ಬೆನ್ನ ಹಿಂದಿನಿಂದ ಬಂದು, ಹೆಗಲ ಅಂಚಷ್ಟೇ ಹೊಳೆದು, ಮುಖ ಲಾಟೀನಿಗೆ ಉಳಿಯುತ್ತದೆ.

ಇದರಿಂದ ಇಡೀ ತಂಡ ರಾತ್ರಿ ಮಲಗಬಹುದು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಬೆಳಕು ಹೆಚ್ಚು ವಾಲುವುದಿಲ್ಲ, ದೊಡ್ಡ ಶಾಟುಗಳನ್ನು ಆಗಲೇ ಮುಗಿಸಿ. ಮೋಡ ಬಂದರೆ ಒಂದು ಪದರ ಪಂಚೆ ತೆಗೆಯಿರಿ. ನಿಜವಾದ ಸಂಜೆಯ ನೀಲಿ ಬೇಕಿದ್ದ ಹೊರಗಿನ ಶಾಟಿಗೆ ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಸಿಗುವುದು ಇಪ್ಪತ್ತೇ ನಿಮಿಷ. ಅದಕ್ಕೆ ಹಿಂದಿನ ಸಂಜೆಯೇ ತಾಲೀಮು ಮಾಡಿ.

ಲಾಟೀನಿನ ಒಳಗೆ ಬತ್ತಿ ಬೇಡ. ಬ್ಯಾಟರಿಯ ಬೆಚ್ಚನೆ ಬಣ್ಣದ ಸಣ್ಣ ಬಲ್ಬು ಇಟ್ಟು, ಗಾಜಿನ ಒಳಬದಿಗೆ ಕಿತ್ತಳೆ ಬಣ್ಣದ ಜೆಲ್ (ಲೈಟಿಗೆ ಹಾಕುವ ಪಾರದರ್ಶಕ ಹಾಳೆ) ಅಂಟಿಸಿ, ಗಾಜಿಗೆ ತುಸು ಮಸಿ ಹಿಡಿಸಿ. ಆ ಬೆಳಕು ಮುಖಕ್ಕೆ ಸಾಲದಿದ್ದರೆ ಚೌಕಟ್ಟಿನ ಹೊರಗೆ ಇನ್ನೊಂದು ಬಲ್ಬನ್ನು ಥರ್ಮಾಕೋಲಿಗೆ ಬಡಿಸಿ, ಲಾಟೀನು ಇರುವ ದಿಕ್ಕಿನಿಂದಲೇ ಕೊಡಿ. ಕ್ಯಾಮೆರಾ ಯಾವುದಾದರೂ ಆಗಲಿ, ಹೆಚ್ಚು ಬೆಳಕು ಒಳಬಿಡುವ 50 ಎಂಎಂ, ಎಫ್ 1.8 ಲೆನ್ಸ್ ಒಂದಿದ್ದರೆ ಈ ಕತ್ತಲಿಗೆ ಸಾಕು. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಇಟ್ಟರೆ ಲೈಟು ಮಿನುಗುವ ಕಾಟ ತಪ್ಪುತ್ತದೆ. ಫೋನಿನಲ್ಲಿ ತೆಗೆಯುವುದಾದರೆ ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್, ಫೋಕಸ್ ಮೂರನ್ನೂ ಕೈಯಾರೆ ಲಾಕ್ ಮಾಡುವ ಆ್ಯಪ್ ಬಳಸಿ.

ನಡೆಯುತ್ತ ತೆಗೆದರೂ ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಅನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಅಲುಗದೆ ನಿಂತು, ಚೌಕಟ್ಟಿನ ಮುಕ್ಕಾಲು ಭಾಗ ಕತ್ತಲಾಗಿದ್ದರೆ ನೋಡುವವರ ಕಣ್ಣು ತಾನಾಗಿ ಆ ಕತ್ತಲೊಳಗೆ ಹುಡುಕತೊಡಗುತ್ತದೆ.

ಬೆಳಕಿನ ಕೋಲು ಕಾಣಬೇಕಾದರೆ ಸಾಂಬ್ರಾಣಿ ಹೊಗೆ ಸಾಕು. ಉಬ್ಬಸ ಇರುವವರು ಯಾರೆಂದು ಮೊದಲೇ ಕೇಳಿಕೊಳ್ಳಿ.

ಹಂತ 6: ಬೆಂಕಿ

1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ, ಟಿಪ್ಪು ಸುಲ್ತಾನನ ಕುರಿತ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜನ ತೀರಿಕೊಂಡರು. ಗೋಡೆಗಳಿಗೆ ಗೋಣಿತಟ್ಟು ಹೊದಿಸಿದ್ದರು, ಗಾಳಿಯಾಡಲು ಸರಿಯಾದ ದಾರಿ ಇರಲಿಲ್ಲ, ವೈರಿಂಗ್ ಸಡಿಲವಿತ್ತು. ಈಗ ನಮ್ಮ ಮನೆಯನ್ನು ನೋಡಿ: ಕಿಟಕಿಗಳಿಗೆ ಕಪ್ಪು ಬಟ್ಟೆ, ಮರದ ಕಂಬ, ಹಳೇ ವೈರು, ಬಟ್ಟೆ ಮುಚ್ಚಿದ ಬಾಗಿಲು. ಅದೇ ಊರಿನಲ್ಲಿ ಕೆಲಸ ಕಲಿತ ನಾವು ಇದನ್ನು ಮರೆಯಬಾರದು.

ಎರಡು ಬಾಗಿಲುಗಳು ಯಾವಾಗಲೂ ಬೀಗವಿಲ್ಲದೆ ಇರಬೇಕು. ಬಟ್ಟೆಯನ್ನು ಮೊಳೆ ಹೊಡೆಯದೆ, ಎಳೆದರೆ ಕಳಚುವಂತೆ ಕಟ್ಟಬೇಕು. ಮನೆಯ ಹಳೇ ಪ್ಲಗ್ಗುಗಳನ್ನು ಮುಟ್ಟದೆ, ಎಲೆಕ್ಟ್ರಿಷಿಯನ್ ಕೈಯಲ್ಲಿ ಮೀಟರಿನ ಬಳಿಯಿಂದ ಎಂಸಿಬಿ (ಲೋಡು ಹೆಚ್ಚಾದರೆ ತಾನಾಗಿ ಕರೆಂಟು ಕಡಿಯುವ ಸ್ವಿಚ್ಚು) ಇರುವ ಬೇರೆ ಎಕ್ಸ್‌ಟೆನ್ಷನ್ ಎಳೆಸಬೇಕು. ನಮ್ಮ ಲೈಟೆಲ್ಲ ಸೇರಿ 500 ವ್ಯಾಟ್ ಮೀರಲಿಲ್ಲ, ಅಂದರೆ ಸುಮಾರು 2.2 ಆಂಪಿಯರ್. ನಿಜವಾದ ಜ್ವಾಲೆ ಇದ್ದದ್ದು ಒಂದೇ ಶಾಟಿನಲ್ಲಿ, ದೇವರ ಮುಂದಿನ ಎಣ್ಣೆ ದೀಪ. ಆಗ ಸೆರಗು ಸಿಕ್ಕಿಸಿ, ಪಕ್ಕದಲ್ಲಿ ಮರಳಿನ ಬಕೆಟ್ಟು, ಒದ್ದೆ ಕಂಬಳಿ, ಅಗ್ನಿಶಾಮಕ ಸಿಲಿಂಡರ್ ಇಟ್ಟುಕೊಂಡು ಒಬ್ಬರು ಬೇರೇನೂ ಮಾಡದೆ ಆ ದೀಪವನ್ನೇ ನೋಡುತ್ತ ನಿಂತಿದ್ದರು.

ಬೀಗ ಹಾಕಿದ್ದ ಮನೆಯಲ್ಲಿ ಹಾವು ಇರಬಹುದು. ಶೂಟಿಂಗಿಗೆ ಎರಡು ದಿನ ಮೊದಲು ಸೌದೆ ರಾಶಿ, ಅಟ್ಟ, ಬಚ್ಚಲು ಶುಚಿ ಮಾಡಿಸಿ. ಕತ್ತಲಲ್ಲಿ ಓಡಾಡುವವರಿಗೆ ಶೂ, ಟಾರ್ಚು ಕಡ್ಡಾಯ. ಹಾವಿನ ವಿಷಕ್ಕೆ ಔಷಧಿ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಫೋನ್ ಮಾಡಿ ಖಚಿತಪಡಿಸಿಕೊಂಡು, ಆ ನಂಬರನ್ನೂ 108 ಅನ್ನೂ ಬಾಗಿಲ ಬಳಿ ಬರೆದು ಅಂಟಿಸಿ.

ಹಂತ 7: ಬಟ್ಟೆ, ಕೂದಲು, ರಕ್ತ

ಹತ್ತಿ ಬಟ್ಟೆ ಮಾತ್ರ, ಪ್ರಿಂಟ್ ಬೇಡ. ಹೊಸ ಸೀರೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದರೆ ಬಿಳಿಯ ಕಣ್ಣುಕುಕ್ಕುವ ಹೊಳಪು ಹೋಗುತ್ತದೆ. ಗಂಡಸರ ಈಗಿನ ಕಟಿಂಗು ರುಮಾಲಿನಲ್ಲಿ ಮರೆಯಾಗುತ್ತದೆ. ಹುಬ್ಬು ತೀಡಿಸಬೇಡಿ, ಉಗುರಿಗೆ ಬಣ್ಣ ಬೇಡ ಎಂದು ನಟಿಯರಿಗೆ ಒಂದು ತಿಂಗಳು ಮೊದಲೇ ಹೇಳಿ. ಕೈಗಡಿಯಾರದ ಬಿಳಿ ಗುರುತಿಗೆ ಪ್ರಸಾದನ ಹಚ್ಚಿ. ರಕ್ತ ಬೇಕಾದರೆ ನಮ್ಮ ಆಲೆಮನೆಯ ಜೋನಿಬೆಲ್ಲವೇ ಸಾಕು: ಅದಕ್ಕೆ ತಿನ್ನುವ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ. ಹದವಾಗಿ ಹರಿಯುತ್ತದೆ, ಬಾಯಿಗೆ ಹೋದರೂ ತೊಂದರೆಯಿಲ್ಲ. ಶಾಟ್ ಮುಗಿದ ಕೂಡಲೇ ಒರೆಸಿ, ಇಲ್ಲದಿದ್ದರೆ ಇರುವೆ ಮುತ್ತುತ್ತವೆ.

ಹಂತ 8: ಚಿತ್ರೀಕರಣದ ಮೂರು ದಿನ

ದಿನಕ್ಕೆ ಹನ್ನೆರಡರಿಂದ ಹದಿನೈದು ಶಾಟು, ಅದಕ್ಕಿಂತ ಹೆಚ್ಚು ಬರೆದುಕೊಳ್ಳಬೇಡಿ. ಕಥೆಯ ಕ್ರಮ ಬಿಟ್ಟು ಬೆಳಕಿನ ಕ್ರಮದಲ್ಲಿ ತೆಗೆಯಿರಿ: ತೊಟ್ಟಿಯ ಕಡೆ ನೋಡುವ ಶಾಟೆಲ್ಲ ಒಟ್ಟಿಗೆ, ನಡುಮನೆಯ ಕಡೆ ನೋಡುವುದೆಲ್ಲ ಒಟ್ಟಿಗೆ. ಮಗಳ ಪಾತ್ರಕ್ಕೆ ಚಿಕ್ಕ ಹುಡುಗಿ ಇದ್ದರೆ ಅವಳ ಶಾಟು ಮೊದಲು, ಅವಳ ತಂದೆಯೋ ತಾಯಿಯೋ ಜೊತೆಗೇ ಇರಬೇಕು. ಅವಳನ್ನು ನಿಜವಾಗಿ ಹೆದರಿಸಿ ಶಾಟ್ ತೆಗೆಯಬೇಡಿ. ನಾವು ಎಲ್ಲವನ್ನೂ ಆಟದಂತೆ ಹೇಳಿಕೊಟ್ಟೆವು, ಅವಳೇ ಎಲ್ಲರಿಗಿಂತ ಚೆನ್ನಾಗಿ ಮಾಡಿದಳು.

ಊಟಕ್ಕೆ ತಲೆಗೆ ದಿನಕ್ಕೆ 250 ರೂಪಾಯಿ ಎತ್ತಿಡಿ, ನಟರೂ ಸೇರಿ ಹನ್ನೆರಡು ಜನಕ್ಕೆ ಮೂರು ದಿನಕ್ಕೆ 9,000. ಬೇರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಬೇಡ. ಮಧ್ಯಾಹ್ನ ಬಿಸಿ ಮುದ್ದೆ, ಸೊಪ್ಪಿನ ಸಾರು ಹೊತ್ತಿಗೆ ಸರಿಯಾಗಿ ಬಂದರೆ ಸಂಜೆಯ ಕಷ್ಟದ ಶಾಟಿಗೂ ಯಾರೂ ಮುಖ ಸಿಂಡರಿಸುವುದಿಲ್ಲ.

ದಿನದ ಕೊನೆಗೆ ಕಾರ್ಡನ್ನು ಎರಡು ಕಡೆ ಕಾಪಿ ಮಾಡಿ, ಎರಡು ಡಿಸ್ಕು ಇಬ್ಬರ ಮನೆಗೆ ಹೋಗಲಿ.

ಹಂತ 9: ಸದ್ದು

ಚಿತ್ರವನ್ನು ಹಗಲಲ್ಲಿ ತೆಗೆದಿರಿ, ಆದರೆ ಸದ್ದು ರಾತ್ರಿಯದಾಗಬೇಕು. ಕಾಗೆ, ಗುಬ್ಬಿ, ಟ್ರಾಕ್ಟರು, ಮೈಕು ಎಲ್ಲ ಹಗಲಿನ ರೆಕಾರ್ಡಿಂಗಿನಲ್ಲಿ ಸೇರಿರುತ್ತವೆ. ಆದ್ದರಿಂದ ಮಾತಿನ ಶಾಟು ಮುಗಿದ ದಿನವೇ ರಾತ್ರಿ ಹನ್ನೊಂದರ ಮೇಲೆ ನಟರನ್ನು ಅದೇ ಕೋಣೆಯಲ್ಲಿ ಕೂರಿಸಿ, ಫೋನಿನಲ್ಲಿ ಶಾಟು ನೋಡುತ್ತ ಅದೇ ಮಾತನ್ನು ಮತ್ತೆ ಹೇಳಿಸಿ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿರಲಿ. ಕೋಣೆ ಗುಂಯ್ ಎಂದರೆ ಸುತ್ತ ಕಂಬಳಿ ನೇತುಹಾಕಿ. ಎಲ್ಲ ಮುಗಿದ ಮೇಲೆ ಯಾರೂ ಉಸಿರೆತ್ತದೆ ಒಂದು ನಿಮಿಷ ಖಾಲಿ ಕೋಣೆಯ ಸದ್ದು ಹಿಡಿಯಿರಿ. ಎಡಿಟಿಂಗ್‌ನಲ್ಲಿ ಎರಡು ಮಾತಿನ ನಡುವಿನ ತೂತು ತುಂಬುವುದು ಅದೇ.

ಅಗುಳಿ, ಹೊಸ್ತಿಲ ಮೇಲಿನ ಕಾಲು, ಬಾವಿಯ ರಾಟೆ, ಒನಕೆ ಒರಗಿಸಿದ ಸದ್ದು, ಎಲ್ಲವನ್ನೂ ಒಂದೊಂದಾಗಿ ಹತ್ತಿರದಿಂದ ಹಿಡಿಯಿರಿ. ಹೊರಗಿನ ಜೀರುಂಡೆ ಹಿಡಿಯುವಾಗ ಪಂಪ್‌ಸೆಟ್ಟಿನ ದನಿ ಬರುತ್ತಿದೆಯೇ ಎಂದು ಹೆಡ್‌ಫೋನಿನಲ್ಲಿ ಕೇಳಿ. ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ಬರುವುದು ಯಾವ ಹೊತ್ತಿಗೆ ಎಂದು ಊರಲ್ಲಿ ಕೇಳಿಕೊಂಡರೆ ಆ ಹೊತ್ತು ತಪ್ಪಿಸಬಹುದು. ನಮಗೆ ಇದು ಗೊತ್ತಾದದ್ದು ಒಂದು ಇಡೀ ರಾತ್ರಿಯ ರೆಕಾರ್ಡಿಂಗ್ ಹಾಳಾದ ಮೇಲೆ.

ಸಂಗೀತಕ್ಕೆ ಬೇರೆಯವರ ಹಾಡು ಎತ್ತಬೇಡಿ. ನಮ್ಮ ಸೀಮೆಯ ಕಂಸಾಳೆಯ ಲಯ ಕಿವಿಗೆ ಎಷ್ಟೇ ಸೆಳೆದರೂ ಅದು ಮಾದಪ್ಪನ ಭಕ್ತಿಯ ವಾದ್ಯ, ದೆವ್ವದ ಹಿಂದೆ ಬಾರಿಸುವುದು ನನಗೆ ಸರಿ ಕಾಣಲಿಲ್ಲ. ಹಿತ್ತಾಳೆ ಬಿಂದಿಗೆಯ ಕಂಠಕ್ಕೆ ಒದ್ದೆ ಬೆರಳು ಉಜ್ಜಿ ಬಂದ ದನಿಯನ್ನು ನಿಧಾನಗೊಳಿಸಿ ಬಳಸಿದೆವು, ಅಷ್ಟೇ ಸಾಕಾಯಿತು.

ಹಂತ 10: ಜೋಡಿಸಿ ತೋರಿಸುವುದು

ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲೇ ಎಡಿಟಿಂಗ್, ಬಣ್ಣ, ಸದ್ದು ಮೂರೂ ಆಗುತ್ತವೆ. ಮೊದಲ ಜೋಡಣೆ ಹನ್ನೆರಡು ನಿಮಿಷ ಬಂದರೆ ಗಾಬರಿ ಬೇಡ. ದೆವ್ವ ಕಾಣುವ ಶಾಟುಗಳನ್ನು ತೆಗೆಯುತ್ತಾ ಬನ್ನಿ. ನಮ್ಮಲ್ಲಿ ಅಪ್ಪನ ನೆರಳು ತೋರಿಸುವ ನಾಲ್ಕು ಶಾಟಿದ್ದವು, ಕೊನೆಗೆ ಒಂದೂ ಉಳಿಯಲಿಲ್ಲ. ಹೆಸರುಗಳ ಪಟ್ಟಿಯಲ್ಲಿ ಮುದ್ದೆ ತೊಳಸಿದವರಿಂದ ಹಿಡಿದು ಪಂಚೆ ಕೊಟ್ಟವರವರೆಗೆ ಎಲ್ಲರ ಹೆಸರನ್ನೂ ಅವರು ಬರೆಯುವ ಹಾಗೆಯೇ ಬರೆಯಿರಿ, ಅಂತಿಮ ಪ್ರತಿಗೆ ಮುಂಚೆ ಪ್ರತಿಯೊಬ್ಬರಿಗೂ ಕಳಿಸಿ ಸರಿಯೇ ಎಂದು ಕೇಳಿ.

ಮೊದಲ ಪ್ರದರ್ಶನ ಆ ಮನೆಯಲ್ಲೇ ಆಗಲಿ. ತೊಟ್ಟಿಯ ಮೇಲೆ ಕಟ್ಟಿದ್ದ ಪಂಚೆಯನ್ನೇ ಒಗೆದು ನಡುಮನೆಯ ಗೋಡೆಗೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ಊರವರನ್ನು ಕೈಸಾಲೆಯಲ್ಲಿ ಕೂರಿಸಿ. ಒಂದು ಸ್ಪೀಕರು ಪರದೆಯ ಬಳಿ ಇರಲಿ. ಇನ್ನೊಂದನ್ನು ಬೀದಿ ಬಾಗಿಲ ಹೊರಗೆ, ಜಗುಲಿಯ ಮೇಲೆ ಇಟ್ಟು ಬಾಗಿಲು ಎಳೆದುಕೊಳ್ಳಿ. ಮೊದಲ ಎರಡು ಕೂಗು ಪರದೆಯಿಂದ ಬರಲಿ, ಮೂರನೆಯದು ಜಗುಲಿಯಿಂದ.